ಕಾಸರಗೋಡಿಂದ ದುಬೈ: ವಿಮಾನದಲ್ಲಿ ಎಷ್ಟು ಹೊತ್ತು, ಮನೆಯಿಂದ ಎಷ್ಟು ಹೊತ್ತು

ದುಬೈಗೆ ಎಷ್ಟು ಗಂಟೆ ಅಂತ ಯಾರನ್ನು ಕೇಳಿದ್ರೂ ಮೂರೂವರೆ ನಾಲ್ಕು ಗಂಟೆ ಅಂತಾರೆ, ಸರಿಯೇ, ಆದ್ರೆ ಅದು ಬರೀ ವಿಮಾನದೊಳಗೆ ಕೂರುವ ಹೊತ್ತು. ಬದಿಯಡ್ಕದ ನಮ್ಮ ಮನೆಯಿಂದ ಅಮ್ಮನನ್ನು ಕರ್ಕೊಂಡು ಹೊರಟು ತಂಗಿಯ ಫ್ಲಾಟಿಗೆ ಮುಟ್ಟುವಾಗ ಹನ್ನೊಂದು ಗಂಟೆ ಹತ್ತಿರ ಆಗಿತ್ತು. ವಯಸ್ಸಾದವರ ಜೊತೆ ಹೋಗುವವರು ಈ ಲೆಕ್ಕ ಇಟ್ಕೊಂಡೇ ಹೊರಡಿ.

ನಾವು ವಿಮಾನ ಹತ್ತುದು ಮಂಗಳೂರಿಂದ, ಮಂಗಳೂರು–ದುಬೈ ನೇರ ದೂರ ಸುಮಾರು 2450 ಕಿ.ಮೀ. ವಿಮಾನ ಮೇಲೆ ಗಂಟೆಗೆ 800 ಕಿ.ಮೀ. ಮೀರಿ ಓಡ್ತದೆ, ಹಾಗಾದ್ರೆ ಮೂರು ಗಂಟೆ ಸಾಕಲ್ಲ ಅಂತ ಅನ್ಸ್ತದೆ, ಆದ್ರೆ ರನ್‌ವೇವರೆಗೆ ಹೋಗ್ಲಿಕ್ಕೆ, ಏರ್ಲಿಕ್ಕೆ, ಅಲ್ಲಿಯ ರಶ್ಶಲ್ಲಿ ಇಳಿಯುವ ಸರದಿ ಕಾಯ್ಲಿಕ್ಕೆ ಎಲ್ಲ ಸೇರಿ ಮೂರೂಮುಕ್ಕಾಲು ಹಿಡಿರಿ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದ ಗಾಳಿ ಜೋರು, ಹೋಗುವಾಗ ಅದು ಎದುರಾಗ್ತದೆ, ಬರುವಾಗ ಹಿಂದಿಂದ ತಳ್ತದೆ, ಹಾಗಾಗಿ ಬರುವ ದಾರಿ ಸ್ವಲ್ಪ ಬೇಗ.

ಟಿಕೆಟ್ ನೋಡಿ ತುಂಬ ಜನ ಗಲಿಬಿಲಿ ಆಗುದು ಟೈಮಿಂದ. ಹೊರಡುದು ನಮ್ಮ ಟೈಮು, ಇಳಿಯುದು ಅಲ್ಲಿಯ ಟೈಮು, ಅವರು ನಮ್ಗಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ 9ಕ್ಕೆ ಹೊರಟ್ರೆ 11.15ಕ್ಕೆ ಇಳಿಯುದು ಅಂತ ಇರ್ತದೆ, ಎರಡೂಕಾಲೇ ಗಂಟೆ ಅಂತ ತಿಳ್ಕೊಂಡು ಊಟ, ಮಾತ್ರೆ ಎಲ್ಲ ಅಲ್ಲಿ ಹೋಗಿ ಅಂದ್ರೆ ಕಷ್ಟ. ಅಮ್ಮನಿಗೆ ಶುಗರ್ ಉಂಟು, ಅವರ ವಾಚನ್ನು ನಾವು ಬದಲಿಸ್ಲೇ ಇಲ್ಲ, ಊರಿನ ಟೈಮಿಗೆ ಸರಿಯಾಗಿ ಬಾಳೆಲೆಯಲ್ಲಿ ಕಟ್ಟಿದ ಚಪಾತಿ ತೆಗ್ದು ಎರಡು ತಿಂದು ಮಾತ್ರೆ ನುಂಗಿದ್ರು, ಸುಸ್ತು ಅಂತ ಹೇಳ್ಲೇ ಇಲ್ಲ. ಕರ್ಕೊಂಡು ಹೋಗ್ಲಿಕ್ಕೆ ಬರುವವರಿಗೆ ಮಾತ್ರ ಅಲ್ಲಿಯ ಟೈಮನ್ನೇ ಹೇಳಿ.

ಇನ್ನು ದಾರಿ. ಕಾಸರಗೋಡು ಪೇಟೆಯಿಂದ ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಗೆ 65 ಕಿ.ಮೀ. ಹತ್ತಿರ, ಬದಿಯಡ್ಕ ಕಡೆಯವರು ಕುಂಬಳೆಗೆ ಇಳಿದು ತಲಪಾಡಿ ದಾಟಿ ಹೋಗುದು. ಮಂಗಳೂರಿನ ಪಂಪ್‌ವೆಲ್, ನಂತೂರು ಜಂಕ್ಷನ್ ಹತ್ರ ಸಂಜೆ ಹೊತ್ತು ಸಿಕ್ಕಿಬಿದ್ರೆ ಹೇಳ್ಲಿಕ್ಕಾಗುದಿಲ್ಲ, ಎರಡೂವರೆ ಗಂಟೆ ಇಟ್ಕೊಳ್ಳಿ, ಏರ್‌ಪೋರ್ಟಲ್ಲಿ ಮೂರು ಗಂಟೆ ಮೊದ್ಲೇ ಇರಿ. ಕಾಞಂಗಾಡ್, ನೀಲೇಶ್ವರ ಕಡೆಯವರು ಮಟ್ಟನ್ನೂರಿನ ಕಣ್ಣೂರು ಏರ್‌ಪೋರ್ಟನ್ನೂ ನೋಡ್ಬಹುದು. ನಡೀಲಿಕ್ಕೆ ಕಷ್ಟ ಇರುವವರಿಗೆ ಬುಕ್ ಮಾಡುವಾಗ್ಲೇ ವೀಲ್‌ಚೇರ್ ಹೇಳಿಡಿ, ಇಮಿಗ್ರೇಶನ್ ಕ್ಯೂನಲ್ಲಿ ನಿಲ್ಲುದು ತಪ್ತದೆ.

ಮಳೆಗಾಲದಲ್ಲಿ ಬಜ್ಪೆ ಗುಡ್ಡದ ಮೇಲೆ ಮಂಜು, ಮಳೆ ಕವಿದ್ರೆ ವಿಮಾನ ಬೇರೆ ಏರ್‌ಪೋರ್ಟಿಗೆ ತಿರುಗುದುಂಟು, ಜೂನ್ ಜುಲೈಯಲ್ಲಿ ಹೋಗುವವರು ಮರುದಿನ ಬೆಳಿಗ್ಗೆಯೇ ಡ್ಯೂಟಿ ಇರುವ ಹಾಗೆ ಟಿಕೆಟ್ ಮಾಡ್ಬೇಡಿ.

ಬ್ಯಾಗಲ್ಲಿ ಗಸಗಸೆ ಬೇಡವೇ ಬೇಡ, ಯುಎಇಯಲ್ಲಿ ಅದು ನಿಷೇಧ, ದೊಡ್ಡ ಕೇಸೇ ಆಗ್ತದೆ. ಉಪ್ಪಿನಕಾಯಿ, ತುಪ್ಪ ಚೆಕ್‌ಇನ್ ಬ್ಯಾಗಲ್ಲಿ, ಪವರ್ ಬ್ಯಾಂಕ್ ಕೈಚೀಲದಲ್ಲಿ, ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರ್ಲಿ.