ಬ್ರೆಕನ್‌ರಿಜ್‌ನಲ್ಲಿ ಈಗ ಮನೆ ತಗೊಳ್ಬಹುದಾ?

ಡೆನ್ವರ್‌ನ ನಮ್ಮ ಬಳಗದ ಯುಗಾದಿ ಊಟಕ್ಕೆ ಹೋದರೆ, ತಟ್ಟೆಗೆ ಕೋಸಂಬರಿ ಬೀಳುವ ಮೊದಲೇ ಪ್ರಶ್ನೆ ಬೀಳುತ್ತದೆ. "ಬ್ರೆಕನ್‌ರಿಜ್‌ನಲ್ಲಿ ಈಗ ಮನೆ ತಗೊಳ್ಬಹುದಾ, ಬಡ್ಡಿ ಇನ್ನೂ ಇಳಿಯುತ್ತಾ?" ಅಲ್ಲಿ ನನ್ನದೊಂದು ಸಿಂಗಲ್ ಬೆಡ್‌ರೂಮ್ ಫ್ಲ್ಯಾಟ್ ಇದೆ. ಅಷ್ಟಕ್ಕೇ ನಾನು ಜ್ಯೋತಿಷಿ. ಕಳೆದ ಸಲ ಒಬ್ಬರು ಕೈತೊಳೆಯುವ ಜಾಗದವರೆಗೂ ಬೆನ್ನು ಹತ್ತಿ ಬಂದರು. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಬ್ರೆಕನ್‌ರಿಜ್ ಅಮೆರಿಕದ ಕೊಲೊರಾಡೊ ರಾಜ್ಯದ ಸ್ಕೀ ಊರು, ಹಿಮದ ಮೇಲೆ ಜಾರಲು ಜನ ಬರುವ ಜಾಗ. ಎತ್ತರ 9,600 ಅಡಿ. ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟು ಎತ್ತರದಲ್ಲಿ ಅಂಗಡಿ, ಬಸ್ಸು, ಶಾಲೆ ಎಲ್ಲ ಇದೆ. ನೀರು 90 ಡಿಗ್ರಿಗೇ ಕುದಿದುಬಿಡುತ್ತದೆ. ಕುಕ್ಕರ್ ಒಯ್ಯದಿದ್ದರೆ ತೊಗರಿಬೇಳೆಯ ಆಸೆ ಬಿಡಿ.

ಈಗ ಉತ್ತರ. ಬಡ್ಡಿ ಯಾವಾಗ ಇಳಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. 30 ವರ್ಷದ ಗೃಹಸಾಲದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ 2.65 ಪರ್ಸೆಂಟ್ ಇತ್ತು. 2023ರ ಅಕ್ಟೋಬರ್‌ನಲ್ಲಿ 7.79. ಮುಂಚೆ ಬಂದು ನನ್ನ ಕಿವಿಯಲ್ಲಿ ಯಾರೂ ಊದಿರಲಿಲ್ಲ.

"ನಿಮ್ದು ಬಿಡಿ ಸಾರ್, ಲಕ್ಕು. ಕರೆಕ್ಟ್ ಟೈಮಿಗೆ ತಗೊಂಡ್ರಿ." ನನಗೆ ಉರಿಯುವುದು ಈ ಮಾತಿಗೇ. ಆ ಕರೆಕ್ಟ್ ಟೈಮಿನ ಕಥೆ ಕೇಳಿ.

2022ರ ಜನವರಿಯಲ್ಲಿ ಒಂದು ಸುದ್ದಿ ಬಂತು. ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಅಂದರೆ ಬ್ಯಾಂಕುಗಳು ಕೊಟ್ಟ ಗೃಹಸಾಲಗಳನ್ನು ಕೊಳ್ಳುವ ಅಮೆರಿಕದ ಎರಡು ಸಂಸ್ಥೆಗಳು. ಅವು ಕೊಳ್ಳುವ ಸಾಲಗಳಲ್ಲಿ, ಎರಡನೇ ಮನೆಯ ಸಾಲಕ್ಕೆ ಏಪ್ರಿಲ್ 1ರಿಂದ ಹೆಚ್ಚುವರಿ ಫೀಸು. ಸಾಲದ 1.125ರಿಂದ 3.875 ಪರ್ಸೆಂಟ್. ನನ್ನ ಲೆಕ್ಕಕ್ಕೆ ಸುಮಾರು ಎಂಟೂವರೆ ಸಾವಿರ ಡಾಲರ್. ಸಾಲ ಕೊಡಿಸುವವನು "ಫೆಬ್ರವರಿಯೊಳಗೆ ಮುಗಿಸಿ" ಅಂದ. ನಾನು ಓಡಿದೆ. ಒಂದೇ ಶನಿವಾರ ನಾಲ್ಕು ಮನೆ ನೋಡಿದೆ, ಒಂದಕ್ಕೆ ಹೂಂ ಅಂದೆ.

ಆ ದಿನ ಏನು ಚೆಂದ ಅಂತೀರಿ! ಬಾಲ್ಕನಿ ಕಂಬಿಯ ಮೇಲೆ ಗೇಣುದ್ದ ಹಿಮ. ಸೂರಿನ ಅಂಚಿಗೆ ತೋಳುದ್ದದ ಮಂಜುಗಡ್ಡೆಯ ಕೋಲುಗಳು, ಸಾಲಾಗಿ. ಮಗಳು ಒಂದನ್ನು ಮುರಿದು ಐಸ್‌ಕ್ಯಾಂಡಿ ತರಹ ಚೀಪಿದಳು. ನಾನು ಫೋಟೊ ತೆಗೆದು ಊರಿಗೆ ಕಳಿಸಿದೆ. ಆ ಕೋಲುಗಳು ಅಲಂಕಾರ ಅಲ್ಲ, ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಮನೆಯೊಳಗಿನ ಬಿಸಿ ಮೇಲೆ ಸೋರಿ ಛಾವಣಿಯ ಹಿಮ ಕರಗುತ್ತದೆ. ಕರಗಿದ ನೀರು ತಣ್ಣಗಿರುವ ಸೂರಿನ ಅಂಚಿಗೆ ಬಂದು ಮತ್ತೆ ಗಡ್ಡೆ ಕಟ್ಟುತ್ತದೆ. ಅದೇ ಒಂದು ಕಟ್ಟೆ. ಹಿಂದೆ ನಿಂತ ನೀರು ಛಾವಣಿಯ ಪದರದ ಕೆಳಗೆ ನುಗ್ಗುತ್ತದೆ.

ಮನೆ ತಪಾಸಣೆಯವನ ರಿಪೋರ್ಟಿನಲ್ಲಿ ಒಂದು ಸಾಲಿತ್ತು: ಹಿಮ ಮುಚ್ಚಿದ್ದರಿಂದ ಛಾವಣಿ ನೋಡಲಾಗಲಿಲ್ಲ. ನಾನು ಅದನ್ನು ಓದಿದೆ. ಓದಿ ಸಹಿ ಹಾಕಿದೆ. ಕಟ್ಟಡದ ಮಾಲೀಕರ ಅಸೋಸಿಯೇಷನ್ ಸಭೆಗಳ ನಡಾವಳಿ ಅರವತ್ತು ಪುಟ ಕೊಟ್ಟಿದ್ದರು, ಅದನ್ನು ಓದಲೂ ಇಲ್ಲ. ಆರು ಸಭೆಗಳಲ್ಲಿ ಮೂರರಲ್ಲಿ ಛಾವಣಿಯದೇ ಮಾತು!

ಮೇ ತಿಂಗಳಲ್ಲಿ ಹೋದರೆ ಹಾಸಿಗೆಯ ಮೇಲಿನ ಸೀಲಿಂಗಿನಲ್ಲಿ ರಾಗಿ ರೊಟ್ಟಿಯಷ್ಟಗಲದ ಕಂದು ಕಲೆ. ಜೂನ್ ಹೊತ್ತಿಗೆ ಅದು ಚಾಪೆಯಷ್ಟಾಯಿತು. ಆಗಸ್ಟಿನಲ್ಲಿ ಅಸೋಸಿಯೇಷನ್ ಪತ್ರ ಬಂತು. ಹೊಸ ಛಾವಣಿಗೆ ಮನೆಗೆ ಹದಿನಾಲ್ಕು ಸಾವಿರ ಡಾಲರ್, ತಿಂಗಳ ಮೇಂಟೆನೆನ್ಸ್ ಬಿಟ್ಟು. ಎಂಟೂವರೆ ಸಾವಿರ ಉಳಿಸಿದ ಜಾಣ ನಾನೇ.

ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ನಕ್ಕಳು. "ಮಳೆಗಾಲದಲ್ಲಿ ನೋಡ್ದೆ ಯಾರಾದ್ರೂ ಮನೆ ತಗೊಳ್ತಾರೇನೋ? ಆಷಾಢದಲ್ಲಿ ತಗೋಬಾರ್ದು, ಸರಿ. ನೋಡ್ಬಾರ್ದು ಅಂತ ಯಾರಂದ್ರು?"

ಬ್ರೆಕನ್‌ರಿಜ್‌ಗೂ ಒಂದು ಆಷಾಢ ಇದೆ. ಮಡ್ ಸೀಸನ್ ಅನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಜೂನ್ ಶುರುವಿನವರೆಗೆ. ಹಿಮ ಕರಗಿ ಎಲ್ಲೆಲ್ಲೂ ರಾಡಿ, ಎಷ್ಟೋ ಹೋಟೆಲಿಗೆ ಬೀಗ. ಆಗ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ, ಗೋಡೆಯ ಬುಡ ಎಲ್ಲಿ ಒದ್ದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಆಗಲೂ ಊರು ಇಷ್ಟವಾದರೆ ಮುಂದಿನ ಮಾತು. ಬೇಸಿಗೆಯಲ್ಲಿ ಮಾರಾಟಕ್ಕಿಟ್ಟು ಅಕ್ಟೋಬರ್ ಆದರೂ ಹೋಗದ ಮನೆಗಳ ಮೇಲೆ ಒಂದು ಕಣ್ಣಿಡಿ. ಇನ್ನೊಂದು ಚಳಿಗಾಲದ ಮೇಂಟೆನೆನ್ಸ್ ಕಟ್ಟಲು ಮಾಲೀಕನಿಗೂ ಮನಸ್ಸಿರುವುದಿಲ್ಲ. ಡಿಸೆಂಬರ್‌ನಲ್ಲಿ ಚೌಕಾಸಿಗೆ ಹೋಗಬೇಡಿ. ಹಿಮ ಬೀಳುತ್ತಿರುವಾಗ ನಿಮ್ಮ ಮುಖದಲ್ಲೇ ಆಸೆ ಕಾಣುತ್ತಿರುತ್ತದೆ.

"ಬಾಡಿಗೆಗೆ ಬಿಟ್ರೆ ಸಾಲ ತಾನಾಗೇ ತೀರುತ್ತೆ ಅಲ್ವಾ?" ಇದು ಎರಡನೇ ಪ್ರಶ್ನೆ. ಇಲ್ಲ. ದಿನಬಾಡಿಗೆಗೆ ಊರಿನ ಲೈಸನ್ಸ್ ಬೇಕು. 2021ರಲ್ಲೇ ಕೌನ್ಸಿಲ್ ಅದಕ್ಕೆ 2,200 ಲೈಸನ್ಸಿನ ಮಿತಿ ಹಾಕಿತು, ಕೆಲವು ರೆಸಾರ್ಟ್ ಕಟ್ಟಡಗಳನ್ನು ಬಿಟ್ಟು. ಹಳೆಯ ಮಾಲೀಕನ ಲೈಸನ್ಸ್ ಮನೆಯ ಜೊತೆ ನಿಮಗೆ ಬರುವುದಿಲ್ಲ. ಸೋಫಾ ಬರುತ್ತದೆ. ಮನೆ ಬೆಲೆಯ ಮೇಲೆ ಊರಿಗೆ 1 ಪರ್ಸೆಂಟ್ ವರ್ಗಾವಣೆ ತೆರಿಗೆ ಬೇರೆ.

ಹಾಗಂತ ಊರಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ. ನವೆಂಬರ್‌ನ ಒಂದು ಮಂಗಳವಾರ ಸಂಜೆ ಕಾರು ನಿಲ್ಲಿಸಿ ಎಣಿಸಿದೆ. ಮೂರು ಕಿಟಕಿಯಲ್ಲಿ ದೀಪ. ಉಳಿದವು ನನ್ನಂಥವರವು. ಒಂದು ದೀಪ ಸ್ಕೀ ಲಿಫ್ಟಿನಲ್ಲಿ ಕೆಲಸ ಮಾಡುವ ಹುಡುಗಿಯದು, ಒಂದೇ ರೂಮಿಗೆ ಇನ್ನಿಬ್ಬರ ಜೊತೆ ಬಾಡಿಗೆಗಿದ್ದಾಳೆ. ಅವಳ ಊರಿನಲ್ಲಿ ನನ್ನ ಮನೆ ಸುಮ್ನೆ ಬೀಗ ಹಾಕಿಕೊಂಡು ಕೂತಿರುತ್ತದೆ. ಇದರ ಬಗ್ಗೆ ಊಟದ ಸಾಲಿನಲ್ಲಿ ಯಾರೂ ಕೇಳಿಲ್ಲ. ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವೂ ಇಲ್ಲ.

ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: "ಅಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಮಲಗ್ತೀರಿ?" ಇದರ ಲೆಕ್ಕ ನನ್ನ ಹತ್ತಿರ ಪಕ್ಕಾ ಇದೆ. ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಹೆಂಡತಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾಳೆ. ಕಳೆದ ವರ್ಷ ಹತ್ತೊಂಬತ್ತು. ಅದರಲ್ಲಿ ಎರಡು ರಾತ್ರಿ ಹಿಮಪಾತಕ್ಕೆ ಐಸನ್‌ಹೋವರ್ ಟನಲ್ ದಾರಿ ಮುಚ್ಚಿ, ಡೆನ್ವರ್‌ಗೆ ಬರಲಾಗದೆ ಉಳಿದದ್ದು.