ಕಾಫಿ ಮಾರಿ ಬಂದ ದಿನ

ಕಳೆದ ಮಾರ್ಚ್‌ನ ಒಂದು ಮಂಗಳವಾರ. ಪಿಕಪ್‌ನಲ್ಲಿ ಹದಿನಾಲ್ಕು ಮೂಟೆ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ನನ್ನ ಪಕ್ಕದ ಸೀಟಿನಲ್ಲಿ ಒಂದು ಪ್ಲಾಸ್ಟಿಕ್ ಕವರ್. ಕವರ್‌ನಲ್ಲಿ ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯವರೆಲ್ಲರ ಆಧಾರ್ ಜೆರಾಕ್ಸ್, ಹಳೇ ಆರ್‌ಟಿಸಿ, ಅಂದರೆ ಪಹಣಿ. ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ತೋಟ ಮಾತ್ರ ಇನ್ನೂ ಅವರ ಹೆಸರಿನಲ್ಲೇ ಇತ್ತು. ಅದನ್ನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆ ಅಂತ ನಾನು ತಾಲೂಕು ಕಚೇರಿಗೆ ಹೋಗುತ್ತಿದ್ದದ್ದು ಅದು ಒಂಬತ್ತನೇ ಸಲ. ಕೊಡಗಿನಲ್ಲಿ ಈಗ ಐದು ತಾಲೂಕು ಇವೆ. ನಮ್ಮದು ಯಾವುದು ಅಂತ ಹೇಳಲ್ಲ. ಅಲ್ಲಿ ಇನ್ನೂ ಹೋಗಬೇಕಾದವನು ನಾನು.

"ಮೊದಲು ಆಫೀಸಿಗೆ ಹೋಗು. ಕಾಫಿ ಎಲ್ಲೂ ಓಡಿ ಹೋಗಲ್ಲ" ಅಂದಿದ್ದರು ಅಮ್ಮ. ಹಾಗೇ ಮಾಡಿದೆ.

ಹತ್ತೂವರೆಗೆ ಹೋದೆ. ಕೇಸ್ ವರ್ಕರ್ ಕುರ್ಚಿಯ ಮೇಲೆ ವ್ಯಾನಿಟಿ ಬ್ಯಾಗ್ ಇತ್ತು, ಅವರು ಇರಲಿಲ್ಲ. ಬ್ಯಾಗ್ ಇದೆ ಅಂದರೆ ಬಂದಿದ್ದಾರೆ ಅಂತ ಲೆಕ್ಕ. ಒಂಬತ್ತು ಸಲ ಹೋದರೆ ಇಷ್ಟಾದರೂ ಗೊತ್ತಾಗುತ್ತದೆ. ಹನ್ನೊಂದೂಕಾಲಿಗೆ ಬಂದರು. ಮೂವತ್ತು ದಾಟಿರದ ಹುಡುಗಿ. ನನ್ನನ್ನು ನೋಡಿ ಪಾಪ ಅನ್ನಿಸಿರಬೇಕು, ಬೇರೆಯವರಿಗಿಂತ ಮೊದಲು ಕವರ್ ತೆಗೆದುಕೊಂಡರು.

ತಕರಾರು ಏನಪ್ಪಾ ಅಂದರೆ, ಮರಣ ಪ್ರಮಾಣಪತ್ರದಲ್ಲಿ ಅಪ್ಪನ ಇನಿಷಿಯಲ್ ಹೆಸರಿನ ಮುಂದೆ ಇದೆ. ಆರ್‌ಟಿಸಿಯಲ್ಲಿ ಹೆಸರಿನ ಹಿಂದೆ ಇದೆ. ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಏಳನೇ ಸಲವೇ ಕೊಟ್ಟಿದ್ದೆ. ಅದು ಫೈಲಿನಲ್ಲಿ ಇತ್ತು. ಅವರು ಅದನ್ನು ಓದಿದರು. ಮತ್ತೊಮ್ಮೆ ಓದಿದರು.

"ಇದರ ಮೇಲೆ ಮಾಡೋಕಾಗಲ್ಲ ಸಾರ್."

"ಆಗಲ್ಲ ಅಂತ ಒಂದು ಹಿಂಬರಹ ಬರೆದು ಕೊಡಿ ಮೇಡಂ. ಮೇಲೆ ಕೇಳ್ತೀನಿ."

"ಹಾಗೆ ಬರೆದು ಕೊಡೋಕೂ ಆಗಲ್ಲ ಸಾರ್."

ನಗು ಬಂತು. ಅವರಿಗೂ ಬಂತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಸಕಾಲ ಅಂತ ಇದೆ, ಅಲ್ವಾ? 2011ರ ಕಾಯ್ದೆ, 2012ರಲ್ಲಿ ರಾಜ್ಯಕ್ಕೆಲ್ಲ ಬಂತು. ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು, ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ. ಓದೋಕೆ ಚೆನ್ನಾಗಿದೆ. ಆದರೆ ದಿನ ಎಣಿಸೋದು ಸಕಾಲ ನಂಬರ್ ಬಿದ್ದ ಮೇಲೆ. ನನ್ನ ಅರ್ಜಿಗೆ ನಂಬರ್ ಬೀಳಲೇ ಇಲ್ಲ. "ಮೊದಲು ದಾಖಲೆ ಸರಿ ಮಾಡ್ಕೊಳ್ಳಿ, ಆಮೇಲೆ ಎಂಟ್ರಿ ಮಾಡೋಣ" ಅಂತ ಪ್ರತಿ ಸಲವೂ ಪ್ರೀತಿಯಿಂದಲೇ ವಾಪಸ್ ಕಳಿಸಿದ್ದರು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ನನ್ನ ಕೆಲಸ ಒಂದು ದಿನವೂ ತಡ ಆಗಿಲ್ಲ. ನಾನು ಅರ್ಜಿಯನ್ನೇ ಕೊಟ್ಟಿಲ್ಲ!

ಆ ಹುಡುಗಿ ಸೋಮಾರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಮೇಜಿನ ಮೇಲೆ ಮೂರು ಜನ ಮಾಡುವಷ್ಟು ಫೈಲು. ಹಿಂದಿನ ಸಲ ಸಂಜೆ ಆರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು, ಆಗ ತಾನೇ ಕೆಲಸ ಮುಗಿಸಿ ಬಂದದ್ದು. ಆದರೆ ಅವರ ಕಷ್ಟ ಬೇರೆ. ಈ ಇನಿಷಿಯಲ್ ಪರವಾಗಿಲ್ಲ ಅಂತ ಒಂದು ಸಹಿ ಹಾಕಿದರೆ, ನಾಳೆ ನಮ್ಮ ದಾಯಾದಿ ಯಾರಾದರೂ ತಕರಾರು ತೆಗೆದರೆ, ಸಸ್ಪೆಂಡ್ ಆಗೋದು ಅವರು. ಸಹಿ ಹಾಕದೆ ಫೈಲ್ ಕಪಾಟಿಗೆ ಸೇರಿಸಿದರೆ ಯಾರೂ ಏನೂ ಕೇಳಲ್ಲ. ಕೆಲಸ ಮಾಡಿದರೆ ಸಿಕ್ಕಿಬೀಳಬಹುದು, ಮಾಡದಿದ್ದರೆ ಸಿಕ್ಕಿಬೀಳೋಕೆ ದಾರಿಯೇ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕಪಾಟನ್ನೇ ನೋಡುತ್ತಿದ್ದೆನೋ ಏನೋ.

"ಶಿರಸ್ತೇದಾರ್ ಸಾರ್ ಮಧ್ಯಾಹ್ನ ಬರ್ತಾರೆ, ಒಂದು ಮಾತು ಕೇಳಿ ನೋಡೋಣ. ನಾಲ್ಕು ಗಂಟೆಗೆ ಬನ್ನಿ" ಅಂದರು.

ಹನ್ನೆರಡಕ್ಕೆ ಕಾಫಿ ವ್ಯಾಪಾರಿಯ ಗೋಡೌನ್ ಮುಂದೆ ಪಿಕಪ್ ನಿಲ್ಲಿಸಿದೆ. ಇಳಿಯುವ ಮೊದಲೇ ಇಬ್ಬರು ಹುಡುಗರು ಹಿಂದಿನ ಬಾಗಿಲು ತೆಗೆದಿದ್ದರು. ಪ್ರತಿ ಮೂಟೆಗೂ ತೂತು ಕೊಳವೆ ಚುಚ್ಚಿ ಒಂದೊಂದು ಹಿಡಿ ಸ್ಯಾಂಪಲ್ ತೆಗೆದರು. ಅದನ್ನೆಲ್ಲ ಒಟ್ಟು ಮಾಡಿ, ತೂಗಿ, ಅಂಗೈ ಅಗಲದ ಮಿಷನ್‌ಗೆ ಹಾಕಿದರು. ಸಿಪ್ಪೆ ಹಾರಿ ಬೀಜ ಕೆಳಗೆ ಬಿತ್ತು. ಮತ್ತೆ ತೂಕ. 50 ಕೆಜಿ ಚೆರಿಗೆ ಎಷ್ಟು ಕೆಜಿ ಬೀಜ ಅನ್ನೋದೇ ಔಟ್‌ಟರ್ನ್. ರೇಟು ನಿಲ್ಲೋದು ಅದರ ಮೇಲೆ. ನನ್ನದು 27 ಬಂತು. ಮಾಯಿಶ್ಚರ್ ಮೀಟರ್ ಸ್ವಲ್ಪ ಜಾಸ್ತಿ ತೋರಿಸಿತು.

"ಅಣ್ಣ, ಇನ್ನು ಎರಡು ದಿನ ಬಿಸಿಲು ಬೇಕಿತ್ತು ನಿಮ್ಮ ಕಾಫಿಗೆ" ಅಂದ ವ್ಯಾಪಾರಿ. ತೂಕದಲ್ಲಿ ಒಂದಿಷ್ಟು ಕಳೆದ. ಅವನ ಮೀಟರ್ ಅವನ ಮಾತನ್ನೇ ಕೇಳುತ್ತದೆ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಎದುರು ಸಾಲಿನಲ್ಲಿ ಇನ್ನೆರಡು ಗೋಡೌನ್ ಇವೆ. ನಾನು ಸುಮ್ನೆ ಆ ಕಡೆ ಒಂದು ಸಲ ನೋಡಿದೆ. ಕಳೆದದ್ದರಲ್ಲಿ ಅರ್ಧ ವಾಪಸ್ ಬಂತು. ನಿಂಬೆ ಜ್ಯೂಸ್ ಕುಡಿದು ಮುಗಿಯುವ ಹೊತ್ತಿಗೆ ಫೋನ್ ಟಿಂಗ್ ಅಂತು, ದುಡ್ಡು ಅಕೌಂಟಿಗೆ ಬಿದ್ದಿತ್ತು. ಒಟ್ಟು ನಲವತ್ತು ನಿಮಿಷ. ನನ್ನ ಇನಿಷಿಯಲ್ ಹಿಂದೆಯೋ ಮುಂದೆಯೋ ಅಂತ ಅವನು ಕೇಳಲೇ ಇಲ್ಲ.

ಇದೇ ಕಾಫಿ ಮಾರೋದು ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ಅದು ಪೂಲ್ ಕಾಲ. 1942ರ ಕಾಫಿ ಕಾಯ್ದೆಯ ಪ್ರಕಾರ ಮನೆ ಖರ್ಚಿಗೆ, ಬಿತ್ತನೆಗೆ ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡ್‌ನ ಪೂಲ್‌ಗೇ ಕೊಡಬೇಕಿತ್ತು. ಬೆಲೆ ಕಾಫಿಯ ದರ್ಜೆ ನೋಡಿ ಹಾಕುವ ಪಾಯಿಂಟ್ ಲೆಕ್ಕದಲ್ಲಿ, ದುಡ್ಡು ಕಂತಿನಲ್ಲಿ. ಈ ವರ್ಷ ಕೊಟ್ಟ ಕಾಫಿಯ ಕೊನೇ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆಯೇ ಕೊಯ್ದಾಗಿರುತ್ತಿತ್ತು. ಅಪ್ಪನ ಒಂದು ನೋಟ್‌ಬುಕ್ ಇನ್ನೂ ಇದೆ. ಪಾಯಿಂಟ್ ಇಷ್ಟು, ಬಂದದ್ದು ಇಷ್ಟು, ಬರಬೇಕಾದ್ದು ಇಷ್ಟು ಅಂತ ನೀಲಿ ಶಾಯಿಯಲ್ಲಿ ಬರೆದದ್ದು. ಆಮೇಲೆ ಅರ್ಧ ಕಾಫಿ ನೀವೇ ಮಾರಿ ಅಂದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡ ಸುಟ್ಟು ಇಲ್ಲಿ ಬೆಲೆ ಏರಿತು. 1996ರಲ್ಲಿ ಪೂಲ್ ಪೂರ್ತಿ ಹೋಯಿತು. ಆ ಎರಡು ಮೂರು ವರ್ಷ ಹೊಸ ಜೀಪು ಬಾರದ ಊರಿಲ್ಲ ಅಂತ ಅಮ್ಮ ಹೇಳುತ್ತಾರೆ. ನಮ್ಮ ಮನೆಗೆ ಬಂದದ್ದು ಟಿವಿ.

ಆದರೆ 2001, 2002ರಲ್ಲಿ ಬೆಲೆ ನೆಲ ಕಚ್ಚಿದಾಗ "ಪೂಲ್ ಇದ್ದಿದ್ದರೆ..." ಅಂತ ಶುರು ಮಾಡಿದವರೂ ಇದೇ ಅಪ್ಪ. ಮಾತು ಮುಗಿಸುತ್ತಿರಲಿಲ್ಲ.

ಅಂದು ಗೋಡೌನ್ ಮುಂದೆ ಜ್ಯೂಸ್ ಗ್ಲಾಸ್ ಹಿಡಿದು ಸರ್ಕಾರಿಗಿಂತ ಪ್ರೈವೇಟೇ ವಾಸಿ ಅನ್ನೋರ ಪರವೇ ನಾನೂ ಇದ್ದೆ, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಮನೆ ಇರೋದು ಟೌನಿನಲ್ಲಿ ಅಲ್ಲ. ನಮ್ಮ ಕಡೆ ಸಿಗ್ನಲ್ ಕೊಡೋದು ಒಂದೇ ಖಾಸಗಿ ಕಂಪನಿಯ ಟವರ್. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಟವರ್, ಆಮೇಲೆ ಫೋನ್ ಇಟ್ಟಿಗೆ. ಹೋದ ಮಳೆಗಾಲದಲ್ಲಿ ನಾಲ್ಕು ದಿನ ಹಾಗೇ ಇತ್ತು. ಟೌನಿಗೆ ಹೋದಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ತುಂಬಾ ಮರ್ಯಾದೆ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಸರ್" ಅಂತ ಮೂರು ಸಲ ಅಂದರು. ಮೊಬೈಲ್ ಆಫ್ ಮಾಡಿ ಆನ್ ಮಾಡಿ ಅಂದರು. ಮಾರನೇ ದಿನ ಸಿಗ್ನಲ್ ಹುಡುಕಿಕೊಂಡು ಕೊಡೆ ಹಿಡಿದು ತೋಟದ ಮೇಲಿನ ಬಾಣೆ ಹತ್ತಿದೆ. ತುದಿಯಲ್ಲಿ ಒಂದೇ ಒಂದು ಕಡ್ಡಿ ಬಂತು. ಅದರ ಜೊತೆಗೆ ಒಂದು ಮೆಸೇಜೂ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಕಾಲಿಗೆ ಆರು ಜಿಗಣೆ.

ಅದೇ ವಾರ ಮುರಿದು ಬಿದ್ದ ಸಿಲ್ವರ್ ಓಕ್ ಕಡಿದು, ಕೆಸರಿನಲ್ಲಿ ಕಂಬ ಹೊತ್ತು, ನಮ್ಮ ಲೈನ್ ಸರಿ ಮಾಡಿದವನು ಸರ್ಕಾರಿ ಲೈನ್‌ಮನ್. ಕೆಇಬಿ ಹೋಗಿ ಎಷ್ಟೋ ಕಾಲ ಆದರೂ ನಮಗೆ ಅವನು ಕೆಇಬಿಯವನೇ. ಅಮ್ಮ ಕೊಟ್ಟ ಕಾಫಿಯನ್ನು ನಿಂತುಕೊಂಡೇ ಕುಡಿದ. ರೇನ್‌ಕೋಟಿನಿಂದ ನೀರು ಜಗಲಿಗೆಲ್ಲ ಸುರಿಯುತ್ತಿತ್ತು. "ಇನ್ನೂ ಹನ್ನೊಂದು ಕಡೆ ಇದೆ ಅಕ್ಕಾ" ಅಂತ ಹೊರಟ. ನಮ್ಮ ಆರ್‌ಟಿಸಿಯನ್ನೂ ಅಷ್ಟೇ, ಹಿಂದೆಲ್ಲ ಶಾನುಭೋಗರ ಕೈಬರಹಕ್ಕೆ ಕಾಯಬೇಕಿದ್ದದ್ದನ್ನು ಭೂಮಿ ಯೋಜನೆಯಲ್ಲಿ, ಶುರುವಿನಲ್ಲಿ 15 ರೂಪಾಯಿಗೆ, ಪ್ರಿಂಟ್ ಕೊಡೋ ಹಾಗೆ ಮಾಡಿದ್ದು ಇದೇ ಕಂದಾಯ ಇಲಾಖೆ.

ಹಾಗಾಗಿ ನನಗೆ ಸರ್ಕಾರಿಯೋ ಪ್ರೈವೇಟೋ ಅನ್ನೋದಕ್ಕಿಂತ ಆ ಎದುರು ಸಾಲಿನ ಎರಡು ಗೋಡೌನ್‌ಗಳೇ ನೆನಪಾಗುತ್ತವೆ. ಖಾತೆ ಬದಲಾವಣೆಗೆ ಎದುರು ಸಾಲು ಇಲ್ಲ. ಟವರ್‌ಗೂ ಇಲ್ಲ.

ನಾಲ್ಕು ಗಂಟೆಗೆ ಮತ್ತೆ ತಾಲೂಕು ಕಚೇರಿ. ಶಿರಸ್ತೇದಾರರು ಮೀಟಿಂಗ್‌ಗೆ ಮಡಿಕೇರಿಗೆ ಹೋಗಿದ್ದರಂತೆ. ಹುಡುಗಿಗೆ ನನಗಿಂತ ಜಾಸ್ತಿ ಬೇಜಾರಾಗಿತ್ತು. ಕವರ್ ವಾಪಸ್ ಕೊಡುತ್ತಾ, "ಶುಕ್ರವಾರ ಬನ್ನಿ ಸಾರ್. ಆಸ್ಪತ್ರೆಯಿಂದ ಒಂದು ಲೆಟರ್ ಸಿಕ್ಕಿದರೆ ತನ್ನಿ, ಇನಿಷಿಯಲ್ ಬಗ್ಗೆ" ಅಂದರು. ಅಪ್ಪ ತೀರಿಕೊಂಡದ್ದು ಮನೆಯಲ್ಲಿ. ಅದನ್ನು ಹೇಳೋಕೆ ಬಾಯಿ ತೆಗೆದವನು, ಅವರ ಹಿಂದೆ ನಿಂತಿದ್ದ ಸಾಲು ನೋಡಿ ಸುಮ್ಮನಾದೆ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಖಾಲಿ ಪಿಕಪ್ ಸದ್ದು ಕೇಳಿ ಅಮ್ಮ ಜಗಲಿಗೆ ಬಂದರು.

"ಆಯ್ತಾ?"

"ಕಾಫಿ ಆಯ್ತು."

ಅಮ್ಮ ಏನೂ ಅನ್ನಲಿಲ್ಲ. ಕವರ್ ತೆಗೆದುಕೊಂಡು ಕ್ಯಾಲೆಂಡರ್ ಹಿಂದಿನ ಮೊಳೆಗೆ ನೇತು ಹಾಕಿದರು. ಆಮೇಲೆ ಕ್ಯಾಲೆಂಡರ್‌ನಲ್ಲಿ ಶುಕ್ರವಾರಕ್ಕೆ ಒಂದು ಗೀಟು ಎಳೆದರು.