ನೀರ್ಚಾಲಿನಲ್ಲಿ ಎರಡು ತಿಂಗಳು

ಕಳೆದ ಬೇಸಿಗೆಯ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಸಮೀಪ, ಅಡಿಕೆ ತೋಟದ ಅಂಚಿನಲ್ಲಿದ್ದ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಕಳೆದೆ. ಹಳೆಯ ಲೆಕ್ಕದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ತಾತ್ಕಾಲಿಕ ಕೆಲಸವೊಂದು ಅಲ್ಲಿ ಸಿಕ್ಕಿತ್ತು. ನಾನು ಚಳ್ಳಕೆರೆಯವನು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಯಿಂದ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಸೀಮೆಗೆ, ಅದರಲ್ಲೂ ಹೆಸರಿನಲ್ಲೇ ನೀರನ್ನು ಇಟ್ಟುಕೊಂಡ ಊರಿಗೆ ಹೊರಟಾಗ, ಈ ಒಂದು ಬೇಸಿಗೆಯಾದರೂ ಟ್ಯಾಂಕರಿನ ದಾರಿ ಕಾಯುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ನಮ್ಮೂರಿನ ಹೆಸರಿನಲ್ಲಿಯೂ ಒಂದು ಕೆರೆ ಇದೆಯೆಂಬುದು ಆಗ ಹೊಳೆಯಲಿಲ್ಲ.

ಮನೆಯ ಯಜಮಾನರನ್ನು ಮೊದಲ ದಿನ ‘ಸರ್’ ಎಂದು ಕರೆದಾಗ ಅವರು ನಕ್ಕು, ‘ಮಾವ’ ಎಂದರೆ ಸಾಕು ಎಂದರು. ಅವರ ಹೆಂಡತಿ ತಾನಾಗಿಯೇ ‘ಅತ್ತೆ’ ಆದರು. ಅವರಿಬ್ಬರೂ ತಮ್ಮತಮ್ಮಲ್ಲಿ ಹವ್ಯಕ ಕನ್ನಡವನ್ನೂ, ತೋಟದ ಕೆಲಸದವರೊಡನೆ ತುಳುವನ್ನೂ, ಮೀನು ಮಾರುವವನ ಬೈಕು ದಾರಿ ತಪ್ಪಿ ಅಂಗಳಕ್ಕೆ ಬಂದರೆ ಮಲಯಾಳವನ್ನೂ ಆಡುತ್ತಿದ್ದರು. ನನ್ನೊಡನೆ ಮಾತ್ರ ಪಠ್ಯಪುಸ್ತಕದಿಂದ ಎದ್ದು ಬಂದಂತಹ ಶುದ್ಧ ಕನ್ನಡವನ್ನು ಆಡುತ್ತಿದ್ದುದರಿಂದ, ನನ್ನ ಬಯಲುಸೀಮೆಯ ಮಾತು ನನಗೇ ಒರಟಾಗಿ ಕೇಳಿಸತೊಡಗಿತು. ಬಿಸಿಲಿನಲ್ಲಿ ಹೊರಗಿನಿಂದ ಯಾರೇ ಬಂದರೂ ಅತ್ತೆ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಆಸರಿಂಗೆ ಎಂತ ಅಕ್ಕು?” ಆಸರು ಎಂದರೆ ಬಾಯಾರಿಕೆ. ಒಂದು ಚೆಂಬು ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ಬಂದ ಮೇಲೆಯೇ ಬೇರೆ ಮಾತು.

ಮಾವನ ದಿನ ಮಾತ್ರ ಬಾವಿಯಿಂದ ಆರಂಭವಾಗುತ್ತಿತ್ತು. ಕಾಫಿಗೂ ಮೊದಲು ಅವರು ಕಟ್ಟೆಗೆ ಕೈಯೂರಿ ಬಗ್ಗಿ, ನೀರಿನ ಮೇಲೆ ಕಾಣುವ, ಬಾವಿಯ ಗೋಡೆಯ ಮುರಕಲ್ಲಿನ (ಜಂಬಿಟ್ಟಿಗೆ) ಸಾಲುಗಳನ್ನು ತುಟಿಯಲ್ಲೇ ಎಣಿಸುತ್ತಿದ್ದರು. ನಾನು ಬಂದ ವಾರ ಇಪ್ಪತ್ತಾರು ಸಾಲು ಕಾಣುತ್ತಿದ್ದವು. ಏಪ್ರಿಲ್ ನಡುವಿನ ವಿಷು ಹಬ್ಬ ಕಳೆಯುವಷ್ಟರಲ್ಲಿ ಇಪ್ಪತ್ತೊಂಬತ್ತಾದವು. ಮೂವತ್ತು ದಾಟಿದ ದಿನ ಮಾವ ಪಂಪಿನ ಸ್ವಿಚ್ಚಿನ ಬಳಿ ನಿಂತು, ಇನ್ನು ದಿನಕ್ಕೆ ಹದಿನೈದು ನಿಮಿಷ ಮಾತ್ರ ಎಂದು ಘೋಷಿಸಿದರು. ನಮ್ಮೂರಿನ ಒಣ ಬಿಸಿಲಿಗೆ ಒಗ್ಗಿದ ನನಗೆ ಅಲ್ಲಿನ ಬೆವರು ತಡೆಯಲಾಗದೆ ದಿನಕ್ಕೆ ಮೂರು ಸಲ ಸ್ನಾನ ಮಾಡುವ ಚಟ ಹತ್ತಿತ್ತು. ಯಾರೂ ಏನೂ ಹೇಳಲಿಲ್ಲ. ಆದರೆ ಮರುದಿನ ಎಣಿಕೆ ಮುಗಿಸಿದ ಮಾವ ನನ್ನ ಒದ್ದೆ ತಲೆಯನ್ನು ಒಮ್ಮೆ ನೋಡಿದರು. ಅಂದಿನಿಂದ ಒಂದೇ ಸ್ನಾನ.

ಇಷ್ಟು ಮಳೆಯ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಮಾವ ಒಂದು ಮುರಕಲ್ಲಿನ ಮೇಲೆ ಚೆಂಬಿನ ನೀರು ಹೊಯ್ದು ತೋರಿಸಿದರು. ತೂತುತೂತಾದ ಆ ಕೆಂಪು ಕಲ್ಲು ನೋಡುನೋಡುತ್ತಿದ್ದಂತೆ ನೀರು ಕುಡಿದು ಬಣ್ಣ ಗಾಢವಾಯಿತು. ಗುಡ್ಡ ಇಳಿಜಾರು, ಕಡಲು ಹತ್ತಿರ. ಕುಡಿದ ನೀರನ್ನು ನೆಲ ಬಹುಕಾಲ ಹಿಡಿದಿಡುವುದಿಲ್ಲ.

ಮೊದಲ ಭಾನುವಾರ ಕುಂಬಳೆ ಸಮೀಪದ ಅನಂತಪುರ ದೇವಸ್ಥಾನಕ್ಕೆಂದು ಹೊರಟವನು ಮಲಯಾಳ ಬೋರ್ಡು ಓದಲು ಬಾರದೆ, ಕೇಳಲು ಸಂಕೋಚಪಟ್ಟು, ಕುಂಬಳೆಯ ಬಸ್ಸೆಂದು ಮುಳ್ಳೇರಿಯಾದ ಬಸ್ಸು ಹತ್ತಿದೆ. ಬದಿಯಡ್ಕ ದಾಟಿದ ಮೇಲೆ ಟಿಕೆಟ್ಟಿಗೆ ಬಂದ ಕಂಡಕ್ಟರು ಕನ್ನಡದಲ್ಲೇ, “ಬಾಯಿ ಇತ್ತಲ್ಲ, ಕೇಳಬಾರದಿತ್ತಾ?” ಎಂದರು. ಕೊನೆಗೂ ಅನಂತಪುರ ತಲುಪಿದಾಗ ನಡುಮಧ್ಯಾಹ್ನ ಸಮೀಪಿಸಿತ್ತು. ಸುತ್ತ ಒಣಗಿದ ಕೆಂಪು ಪಾರೆಯ ಕಲ್ಲುಹಾಸು, ಅದರ ನಡುವೆ ಇದ್ದಕ್ಕಿದ್ದಂತೆ ಹಸಿರು ನೀರಿನ ಸರೋವರ, ನೀರಿನ ಮಧ್ಯೆ ಗರ್ಭಗುಡಿ. ಇಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತುಹೋಯಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಬಂದವರೆಲ್ಲ ಮೊಸಳೆಯನ್ನು ಹುಡುಕುತ್ತಿದ್ದರೆ, ನಾನು ಮೆಟ್ಟಿಲ ಮೇಲೆ ನೀರಿನ ಗುರುತು ಎಷ್ಟು ಕೆಳಗಿಳಿದಿದೆಯೆಂದು ನೋಡುತ್ತಿದ್ದೆ. ಮಾವನ ರೋಗ ನನಗೂ ಅಂಟಿತ್ತು.

ಬೇಕಲ ಕೋಟೆಗೆ ಹೋದದ್ದು ತಪ್ಪಾದ ಹೊತ್ತಿನಲ್ಲಿ. ಕೆಳದಿಯ ಶಿವಪ್ಪನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯೆಂಬ ಅಭಿಮಾನದಿಂದ ಮಧ್ಯಾಹ್ನದ ಬಿಸಿಲಿನಲ್ಲೇ ಬುರುಜು ಹತ್ತಿ, ಇಳಿಯುವಷ್ಟರಲ್ಲಿ ಅಭಿಮಾನ ಕರಗಿ, ಹೊರಗೆ ಒಂದರ ಮೇಲೊಂದು ಎರಡು ನನ್ನಾರಿ ಶರಬತ್ತು ಕುಡಿದೆ. ಎಡನೀರಿನ ಮಠಕ್ಕೂ ಒಂದು ಸಂಜೆ ಹೋಗಿದ್ದೆ. ಸಂವಿಧಾನದ ಮೂಲ ಸ್ವರೂಪವನ್ನು ಕುರಿತ 1973ರ ತೀರ್ಪಿಗೆ ಹೆಸರಾದ ಕೇಶವಾನಂದ ಭಾರತಿಯವರಿದ್ದ ಮಠವದು. ಅಂದು ಅಲ್ಲಿ ಜನವೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು, ಯಾವ ಪ್ರವಾಸಿ ಪಟ್ಟಿಯಲ್ಲಿಯೂ ಇಲ್ಲದ, ಮಾವನ ನೆಂಟರ ಗುಡ್ಡದಲ್ಲಿದ್ದ ಒಂದು ಸುರಂಗ. ನೀರಿಗಾಗಿ ನಾವು ಕೆಳಗೆ ಕೊರೆಯುತ್ತೇವೆ. ಇವರು ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದಿದ್ದಾರೆ. ಒಬ್ಬನೇ ಮನುಷ್ಯ ಪಿಕ್ಕಾಸಿಯಿಂದ ಅಗೆಯುತ್ತ ಹೋಗುವ ದಾರಿಯಾದುದರಿಂದ ಒಬ್ಬನೇ ನುಸುಳುವಷ್ಟು ಅಗಲ. ಅಗೆಯುವವರು ಒಳಗೆ ದೀಪ ಹಚ್ಚಿಡುತ್ತಾರೆ, ಉರಿ ಸೊರಗಿದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಾರೆ. ನಾನು ಬಾಗಿ ಒಳಹೊಕ್ಕಾಗ ಹತ್ತು ಹೆಜ್ಜೆಗೇ ಬೆವರು ಆರಿತು. ಕಾಲಡಿಯಲ್ಲಿ ಪಾದ ಮುಳುಗದಷ್ಟು ತಣ್ಣನೆಯ ನೀರು ಹೊರಗಡೆಗೆ ಹರಿಯುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ಸುರಂಗದ ಬಾಯಲ್ಲಿ ಅಡಿಕೆ ಮರದ ದಂಬೆ (ನೀರು ಹರಿಯುವ ದೋಣಿ), ದಂಬೆಯಿಂದ ತೊಟ್ಟಿಗೆ ಹೆಬ್ಬೆರಳಿನ ದಪ್ಪದ ಒಂದು ಧಾರೆ. ಮೇ ತಿಂಗಳ ನಡುವಿನಲ್ಲಿ ಹಗಲಿರುಳು ಅಷ್ಟು ಬಂದರೆ ಒಂದು ಮನೆಗೆ ಸಾಲದೇ? ಆದರೂ ಈಗ ಹೊಸದಾಗಿ ಅಗೆಸುವವರು ಕಡಿಮೆ, ಬೋರ್‌ವೆಲ್ ಲಾರಿ ಫೋನು ಮಾಡಿದರೆ ಬರುತ್ತದೆ ಎಂದು ಆ ಮನೆಯವರು ಹೇಳಿದಾಗ, ಚಳ್ಳಕೆರೆಯಲ್ಲಿ ಆ ಲಾರಿಗಳು ಏನು ಮಾಡಿಟ್ಟಿವೆಯೆಂದು ನಾನು ಸ್ವಲ್ಪ ಉದ್ದವಾಗಿಯೇ ಹೇಳಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡು ಹಲಸಿನ ಹಪ್ಪಳ ಕೊಟ್ಟರು.

ಮೇ ಕೊನೆಯ ವಾರ ಒಂದು ರಾತ್ರಿ ಗುಡುಗಿ ಮಳೆ ಬಂತು. ಅತ್ತೆ ಟಾರ್ಚು ಹಿಡಿದು ಅಂಗಳದ ಚಾಪೆಯ ಮೇಲಿದ್ದ ಹಪ್ಪಳಗಳತ್ತ ಓಡಿದರು, ನಾನೂ ಓಡಿದೆ, ಅರ್ಧ ಉಳಿದವು. ಬೆಳಿಗ್ಗೆ ಎದ್ದವನೇ ನಾನು ಬಾವಿಗೆ ಇಣುಕಿದೆ. ಮೂವತ್ತನಾಲ್ಕು ಸಾಲು, ನಿನ್ನೆ ಇದ್ದಷ್ಟೇ. ಒಂದು ಮಳೆಗೆ ಬಾವಿ ಏಳುವುದಿಲ್ಲ ಎಂದು ಮಾವ ಹಿಂದಿನಿಂದ ಹೇಳಿದರು.

ಜುಲೈಯಲ್ಲಿ ಊರಿನಿಂದ ಫೋನು ಮಾಡಿದಾಗ, ಈಗ ಎಷ್ಟು ಸಾಲು ಎಂದೇ ಮೊದಲು ಕೇಳಿದೆ. ಐದು, ಬಗ್ಗಿದರೆ ಕೊಡದಲ್ಲೇ ತುಂಬಿಕೊಳ್ಳಬಹುದು ಎಂದರು ಮಾವ. ಆಮೇಲೆ ಸ್ವಲ್ಪ ತಡೆದು, ನಿಮ್ಮಲ್ಲಿ ಹೇಗೆ ಎಂದು ಕೇಳಿದರು. ಟ್ಯಾಂಕರ್ ನಾಳೆ ಬರುತ್ತದಂತೆ ಎಂದೆ.